ನಿಮ್ಮ ಸಭೆಯ ಚರಿತ್ರೆ ಬರೆಯುವುದು ಹೇಗೆ?

ಹಾಸನದಲ್ಲಿ ನಿಮ್ಮ ಕ್ರೈಸ್ತ ಸಭೆಯ (ಚರ್ಚಿನ) ಚರಿತ್ರೆ ಬರೆಯುವುದಾದರೆ ಕಟ್ಟಡದಿಂದಲ್ಲ, ರಿಜಿಸ್ಟರುಗಳಿಂದ ಶುರು ಮಾಡಿ. ಸಭಾಪಾಲಕರ ಅನುಮತಿ ಪಡೆದು ದೀಕ್ಷಾಸ್ನಾನ, ಮದುವೆ, ಸಮಾಧಿ ಪುಸ್ತಕಗಳ ಪ್ರತಿ ಪುಟದ ಫೋಟೋ ತೆಗೆಯಿರಿ. ನಾನು ಹೆಸರಿಗಿಂತ ಮೊದಲು ಊರು, ಕಸುಬು ನೋಡುತ್ತೇನೆ: ಯಾರು ಸಕಲೇಶಪುರದ ಕಾಫಿ ತೋಟದಿಂದ ಬಂದರು, ಯಾರು ರೆಡ್‌ಫರ್ನ್ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದರು ಎಂದು. ನಿಮ್ಮ ಸಭೆ ಸೇರಿರುವ ಸಿ.ಎಸ್.ಐ. (ಚರ್ಚ್ ಆಫ್ ಸೌತ್ ಇಂಡಿಯಾ) ಹುಟ್ಟಿದ್ದು 1947ರ ಸೆಪ್ಟೆಂಬರ್ 27ರಂದು. ಅದರ ಹಿಂದಿನ ಸಂಗತಿಗೆ, ಆಗ ಇಲ್ಲಿ ಕೆಲಸ ಮಾಡುತ್ತಿದ್ದ ಇಂಗ್ಲೆಂಡಿನ ವೆಸ್ಲಿಯನ್ (ಮೆಥೊಡಿಸ್ಟ್) ಮಿಷನ್ನಿನ ಕಾಗದಗಳನ್ನು ಹುಡುಕಬೇಕು. ಬೆಂಗಳೂರಿನ ಯುನೈಟೆಡ್ ಥಿಯಲಾಜಿಕಲ್ ಕಾಲೇಜಿನ ದಾಖಲೆ ವಿಭಾಗದಲ್ಲಿ ವಿಚಾರಿಸಿ.

ಹಿರಿಯರನ್ನು "ಯಾವ ಇಸವಿ?" ಎಂದು ಕೇಳಬೇಡಿ. "ಗೊರೂರು ಡ್ಯಾಮ್ ಕಟ್ಟೋಕೆ ಮೊದಲೋ, ಆಮೇಲೋ ಅಜ್ಜಿ?" ಎಂದರೆ ಮಾತು ತಾನಾಗಿ ಬರುತ್ತದೆ. ಸ್ತ್ರೀಯರ ಕೂಟ ನಡೆಸಿದವರು, ಚರ್ಚು ಗುಡಿಸಿ ಗಂಟೆ ಬಾರಿಸಿದವರು ಹಳೆಯ ವರದಿಗಳಲ್ಲಿ ಸಿಗುವುದು ಅಪರೂಪ. ನನಗೆ ಇದು ನೋವಿನ ವಿಷಯ. ಅವರ ಹೆಸರು ಬರಲೇಬೇಕು.

ಸಮಾಧಿ ಕಲ್ಲುಗಳನ್ನು ಬೆಳಗಿನ ಓರೆ ಬಿಸಿಲಲ್ಲಿ ಓದಿ. ಆಸಿಡ್, ತಂತಿ ಬ್ರಷ್ ಮುಟ್ಟಿಸಬೇಡಿ.

1982ರಲ್ಲಿ ಇಸ್ರೊದ ಉಪಗ್ರಹ ನಿಯಂತ್ರಣ ಕೇಂದ್ರ ಎಂ.ಸಿ.ಎಫ್. ಹಾಸನಕ್ಕೆ ಬಂತು, ಊರು ಬೆಳೆಯುತ್ತಲೇ ಇದೆ. ಕೆಲಸಕ್ಕೆಂದು ಬಂದು ಸಭೆ ಸೇರಿದ ತಮಿಳು, ಮಲಯಾಳಿ ಮನೆಯವರನ್ನೂ ಮಾತಾಡಿಸಿ. ಅಚ್ಚಿಗೆ ಕೊಡುವ ಮೊದಲು ಕರಡನ್ನು ಹಿರಿಯರಿಗೆ ಗಟ್ಟಿಯಾಗಿ ಓದಿ ಹೇಳಿ, ಅವರು ತಿದ್ದಿದ್ದನ್ನು ಅಲ್ಲೇ ಬರೆದುಕೊಳ್ಳಿ.