ತೆರಿಗೆ ಕೇಳಿದ್ದು ಯಾರು? ಅಮೆರಿಕದ ವ್ಯವಸ್ಥೆ ಹೀಗೇಕಿದೆ ಎಂದು ತಿಳಿಯಬೇಕೆನ್ನುವ ಕನ್ನಡಿಗರಿಗೆ

ಅಮೆರಿಕದಲ್ಲಿ ಮನೆ ಕೊಂಡವರು ಮೊದಲ ಪ್ರಾಪರ್ಟಿ ಟ್ಯಾಕ್ಸ್ ಬಿಲ್ ನೋಡಿ "ಇಷ್ಟು ಜಾಸ್ತೀನಾ?" ಅನ್ನುತ್ತಾರೆ. ಇಲ್ಲೇ ಹುಟ್ಟಿ ಬೆಳೆದ ಪಕ್ಕದ ಮನೆಯವರು ಇನ್ನೊಂದನ್ನೂ ಕೇಳುತ್ತಾರೆ: "ಇದಕ್ಕೆ ಒಪ್ಪಿಗೆ ಕೊಟ್ಟವರು ಯಾರು?" ಎಷ್ಟೋ ಊರುಗಳಲ್ಲಿ ಸ್ಕೂಲ್ ಬಜೆಟ್ಟಿಗೆ ವೋಟು ಹಾಕುತ್ತಾರೆ. ಹೊಸ ಕಟ್ಟಡಕ್ಕೆ ಸಾಲ ಎತ್ತುವುದಕ್ಕೂ ವೋಟು. ಟೌನ್ ಹಾಲಿನಲ್ಲಿ ರಾತ್ರಿಯವರೆಗೆ ವಾದ ನಡೆಯುತ್ತದೆ. ಹೊಸದಾಗಿ ಬಂದವರಿಗೆ ಇದೆಲ್ಲ ಸುಮ್ನೆ ಜಗಳದಂತೆ ಕಾಣಬಹುದು. ಆದರೆ ಇದರ ಬೇರು ಈ ದೇಶಕ್ಕಿಂತ ಹಳೆಯದು, ಅಮೆರಿಕ ಬ್ರಿಟನ್ನಿನಿಂದ ಬಿಡಿಸಿಕೊಂಡ ಜಗಳದಲ್ಲಿದೆ. ಪೌರತ್ವದ ಪರೀಕ್ಷೆಗೂ ಇದನ್ನು ಓದಲೇಬೇಕು. ಒಂದು ಸಾಲು ಬಾಯಿಪಾಠ ಮಾಡಿ ಪಾಸಾಗಬಹುದು, ಆದರೆ ಅಷ್ಟಕ್ಕೇ ಬಿಟ್ಟರೆ ನಷ್ಟ ನಮಗೇ.

ಬ್ರಿಟಿಷರು ಭಾರೀ ತೆರಿಗೆ ಹಾಕಿದರು, ಜನ ದಂಗೆ ಎದ್ದರು ಅನ್ನುವುದು ಅರ್ಧ ಕಥೆ. ಆ ಕಾಲದಲ್ಲಿ ಬ್ರಿಟನ್ನಿನಲ್ಲಿದ್ದವರು ಬಾಸ್ಟನ್ನಿನವರಿಗಿಂತ ಎಷ್ಟೋ ಹೆಚ್ಚು ತೆರಿಗೆ ಕಟ್ಟುತ್ತಿದ್ದರು. ಅಮೆರಿಕದ ಬ್ರಿಟಿಷ್ ವಸಾಹತಿನವರಿಗೆ ತೆರಿಗೆ ಹೊಸದೂ ಅಲ್ಲ. ವರ್ಜೀನಿಯಾದಲ್ಲಿ 1619ರಿಂದಲೇ ಜನ ಆರಿಸಿ ಕಳಿಸುವ ಸಭೆ ಇತ್ತು. ಉಳಿದ ವಸಾಹತುಗಳಲ್ಲೂ ಅಂಥ ಸಭೆಗಳು ಬೆಳೆದವು. ಎಷ್ಟು ತೆರಿಗೆ, ಯಾವುದಕ್ಕೆ ಖರ್ಚು ಎಂದು ಅವೇ ತೀರ್ಮಾನಿಸುತ್ತಿದ್ದವು. ಸಭೆಗೆ ಹೋದವನು ಊರಿನವನೇ. ಸಂತೆಯಲ್ಲಿ ಸಿಕ್ಕರೆ ನಿಲ್ಲಿಸಿ ಕೇಳಬಹುದಿತ್ತು.

1763ರಲ್ಲಿ ಫ್ರಾನ್ಸ್ ಜೊತೆಗಿನ ಏಳು ವರ್ಷಗಳ ಯುದ್ಧ ಮುಗಿದಾಗ ಬ್ರಿಟನ್ನಿನ ಸಾಲ 12 ಕೋಟಿ ಪೌಂಡ್ ದಾಟಿತ್ತು. ಅಮೆರಿಕದಲ್ಲಿರುವ ಸೈನ್ಯದ ಖರ್ಚಿನಲ್ಲಿ ಒಂದು ಪಾಲನ್ನು ಅಲ್ಲಿನವರೇ ಕೊಡಲಿ ಎಂದಿತು ಲಂಡನ್. ಕೇಳಲು ನ್ಯಾಯವಾಗಿಯೇ ಇದೆ, ಅಲ್ವಾ? ಆದರೆ ಕೇಳಿದ ರೀತಿ ಬೇರೆಯಾಗಿತ್ತು. 1765ರ ಸ್ಟ್ಯಾಂಪ್ ಕಾಯ್ದೆಯನ್ನು ಮಾಡಿದ್ದು ಅಲ್ಲಿನ ಸಭೆಗಳಲ್ಲ, ಸುಮಾರು 5 ಸಾವಿರ ಕಿಲೋಮೀಟರ್ ಆಚೆಯ ಪಾರ್ಲಿಮೆಂಟು. ಅಲ್ಲಿ ವಸಾಹತುಗಳು ಆರಿಸಿದ ಸದಸ್ಯ ಒಬ್ಬನೂ ಇರಲಿಲ್ಲ. ಕೋರ್ಟಿನ ಕಾಗದ, ಪತ್ರಿಕೆ, ಪಂಚಾಂಗ, ಕೊನೆಗೆ ಇಸ್ಪೀಟು ಎಲೆಗೂ ಸ್ಟ್ಯಾಂಪ್ ಬೇಕಾಯಿತು. ತಪ್ಪು ಮಾಡಿದವರನ್ನು ಜ್ಯೂರಿಯೇ (ತೀರ್ಪು ಹೇಳುವ ಸಾಮಾನ್ಯ ಜನರ ಗುಂಪು) ಇಲ್ಲದ ನೌಕಾ ಕೋರ್ಟಿಗೂ ಎಳೆಯಬಹುದಿತ್ತು. ವಕೀಲರು ಮತ್ತು ಪತ್ರಿಕೆಯವರ ಹೊಟ್ಟೆಗೇ ಕೈ ಹಾಕಿದ ಕಾನೂನು ಇದು. ಗಟ್ಟಿಯಾಗಿ ಮಾತಾಡಬಲ್ಲವರೂ ಅವರೇ.

ಮ್ಯಾಂಚೆಸ್ಟರಿಗೂ ತನ್ನದೇ ಸದಸ್ಯನಿಲ್ಲ, ಆದರೂ ಪಾರ್ಲಿಮೆಂಟು ಎಲ್ಲ ಪ್ರಜೆಗಳ ಪರವಾಗಿ ಯೋಚಿಸುತ್ತದೆ ಎಂದು ಲಂಡನ್ ಸಮಜಾಯಿಷಿ ಕೊಟ್ಟಿತು. ವಸಾಹತಿನವರು ಒಪ್ಪಲಿಲ್ಲ. ಇಲ್ಲಿ ತೆರಿಗೆ ಏರಿಸಿದರೆ ಅಲ್ಲಿ ಕೂತ ಸದಸ್ಯನ ಜೇಬಿಗೆ ಏನೂ ಆಗುವುದಿಲ್ಲವಲ್ಲ. ಅದೇ ಅಕ್ಟೋಬರಿನಲ್ಲಿ ಒಂಬತ್ತು ವಸಾಹತುಗಳ ಪ್ರತಿನಿಧಿಗಳು ನ್ಯೂಯಾರ್ಕಿನಲ್ಲಿ ಸೇರಿ, ನಮ್ಮ ಪ್ರತಿನಿಧಿಗಳು ಒಪ್ಪದೆ ತೆರಿಗೆ ಇಲ್ಲ ಎಂದರು. 1766ರಲ್ಲಿ ಪಾರ್ಲಿಮೆಂಟು ಆ ಕಾಯ್ದೆಯನ್ನು ಹಿಂದೆಗೆದುಕೊಂಡಿತು. ಅದರ ಜೊತೆಯಲ್ಲೇ, ಎಲ್ಲ ವಿಷಯಗಳಲ್ಲೂ ವಸಾಹತುಗಳಿಗೆ ಕಾನೂನು ಮಾಡುವ ಹಕ್ಕು ತನಗಿದೆ ಎಂದು ಇನ್ನೊಂದು ಕಾಯ್ದೆ ಬರೆದಿಟ್ಟಿತು. ನನ್ನ ಲೆಕ್ಕದಲ್ಲಿ ಸಂಬಂಧ ಮುರಿದದ್ದು ಅಲ್ಲೇ.

ಆಮೇಲಿನ ಚಹಾದ ಕಥೆಯಲ್ಲಿ ನಮಗೂ ಒಂದು ಎಳೆ ಇದೆ. ಈಸ್ಟ್ ಇಂಡಿಯಾ ಕಂಪನಿ ಸಾಲದಲ್ಲಿ ಮುಳುಗಿತ್ತು, ಗೋದಾಮುಗಳಲ್ಲಿ ಚಹಾ ಕೊಳೆಯುತ್ತಿತ್ತು. ಅದನ್ನು ಉಳಿಸಲು ಪಾರ್ಲಿಮೆಂಟು 1773ರಲ್ಲಿ, ಕಂಪನಿ ನೇರವಾಗಿ ಅಮೆರಿಕದಲ್ಲಿ ಚಹಾ ಮಾರಬಹುದು ಎಂದಿತು. ಇದರಿಂದ ಚಹಾ ಅಗ್ಗವಾಗುತ್ತಿತ್ತು! ಆದರೆ ಪಾರ್ಲಿಮೆಂಟು ಮೊದಲೇ ಹಾಕಿದ್ದ ಸುಂಕ, ಒಂದು ಪೌಂಡ್ ತೂಕದ ಚಹಾಕ್ಕೆ ಮೂರು ಪೆನ್ಸ್, ಹಾಗೇ ಉಳಿಯಿತು. ಕೊಂಡು ಕುಡಿದರೆ ಪಾರ್ಲಿಮೆಂಟಿನ ಹಕ್ಕನ್ನು ಒಪ್ಪಿದಂತೆ. ಕಂಪನಿಗೇ ಎಲ್ಲ ವ್ಯಾಪಾರ ಹೋದರೆ ತಮ್ಮ ಗತಿಯೇನು ಎಂಬ ಭಯ ಸ್ಥಳೀಯ ವ್ಯಾಪಾರಿಗಳಿಗಿತ್ತು. ಬಂಗಾಳದಲ್ಲಿ ಕಂಪನಿ ಮಾಡಿದ್ದನ್ನೂ, 1770ರ ಕ್ಷಾಮವನ್ನೂ ತೋರಿಸಿ, ನಾಳೆ ನಮಗೂ ಇದೇ ಗತಿ ಎಂದು ಬರೆದವರಿದ್ದರು. ಡಿಸೆಂಬರ್ 16ರ ರಾತ್ರಿ ಬಾಸ್ಟನ್ ಬಂದರಿನಲ್ಲಿ ಪ್ರತಿಭಟನಕಾರರು 342 ಪೆಟ್ಟಿಗೆ ಚಹಾವನ್ನು ನೀರಿಗೆ ಸುರಿದರು. ಅದಕ್ಕೆ ಲಂಡನ್ ಸರ್ಕಾರ ಬಾಸ್ಟನ್ನಿನ ಬಂದರನ್ನೇ ಮುಚ್ಚಿಸಿತು. 1775ರ ಏಪ್ರಿಲಿನಲ್ಲಿ ಲೆಕ್ಸಿಂಗ್ಟನ್ನಿನಲ್ಲಿ ಗುಂಡು ಹಾರಿತು, ಸ್ವಾತಂತ್ರ್ಯದ ಯುದ್ಧ ಶುರುವಾಯಿತು.

ಯುದ್ಧದ ಕೊನೆಯ ವರ್ಷಗಳಲ್ಲಿ ಪೆನ್ಸಿಲ್ವೇನಿಯಾ ತನ್ನ ಒಂದು ಯುದ್ಧನೌಕೆಗೆ ಇಟ್ಟುಕೊಂಡದ್ದು ಮೈಸೂರಿನ ಹೈದರ್ ಅಲಿಯ ಹೆಸರು. 1781ರಲ್ಲಿ ಯಾರ್ಕ್‌ಟೌನಿನಲ್ಲಿ ಸೋತ ಬ್ರಿಟಿಷ್ ಸೇನಾಪತಿ ಕಾರ್ನ್‌ವಾಲಿಸನೇ 1792ರಲ್ಲಿ ಶ್ರೀರಂಗಪಟ್ಟಣಕ್ಕೆ ಮುತ್ತಿಗೆ ಹಾಕಿದವನು.

ಈ ಜಗಳದ ಗುರುತು ಇಲ್ಲಿನ ಸಂವಿಧಾನದಲ್ಲಿ ಎಲ್ಲೆಲ್ಲೂ ಇದೆ. ತೆರಿಗೆಯ ಮಸೂದೆ ಕಾಂಗ್ರೆಸ್ಸಿನ, ಅಂದರೆ ಇಲ್ಲಿನ ಸಂಸತ್ತಿನ, ಕೆಳಮನೆಯಾದ ಹೌಸ್ ಆಫ್ ರೆಪ್ರೆಸೆಂಟೆಟಿವ್ಸ್‌ನಲ್ಲೇ ಶುರುವಾಗಬೇಕು, ಏಕೆಂದರೆ ಅದು ಎರಡು ವರ್ಷಕ್ಕೊಮ್ಮೆ ಜನರ ಮುಂದೆ ಹೋಗುವ ಸಭೆ. ಶಾಂತಿಕಾಲದಲ್ಲಿ ಮನೆಯವರು ಒಪ್ಪದೆ ಅವರ ಮನೆಯಲ್ಲಿ ಸೈನಿಕರನ್ನು ಇರಿಸುವಂತಿಲ್ಲ. ಜ್ಯೂರಿಯ ಹಕ್ಕು ಇದೆ. ಆದರೆ ಸ್ವಾತಂತ್ರ್ಯ ಕೇಳಿದವರಲ್ಲೇ ಅನೇಕರು ಗುಲಾಮರನ್ನು ಇಟ್ಟುಕೊಂಡಿದ್ದರು, ಹೆಂಗಸರಿಗೆ ಮತ ಸಿಗಲು 1920ರವರೆಗೆ ಕಾಯಬೇಕಾಯಿತು. ಇದನ್ನು ಬಿಟ್ಟು ಈ ಕಥೆ ಹೇಳಿದರೆ ಅನ್ಯಾಯ. ಈಗಲೂ ವಾಷಿಂಗ್ಟನ್ ಡಿ.ಸಿ.ಯ ಕಾರುಗಳ ನಂಬರ್ ಪ್ಲೇಟಿನಲ್ಲಿ, ಪ್ರಾತಿನಿಧ್ಯವಿಲ್ಲದ ತೆರಿಗೆ ನಿಲ್ಲಲಿ ಎಂಬ ಘೋಷಣೆ ಇದೆ. ಅಲ್ಲಿನವರಿಗೆ ಕಾಂಗ್ರೆಸ್ಸಿನಲ್ಲಿ ಮತ ಹಾಕುವ ಸದಸ್ಯನಿಲ್ಲ.

ಎಚ್-1ಬಿ ಮತ್ತು ಗ್ರೀನ್ ಕಾರ್ಡಿನವರೂ ತೆರಿಗೆ ಕಟ್ಟುತ್ತಾರೆ, ಮತ ಮಾತ್ರ ಇಲ್ಲ. ಹಾಗಂತ ಡ್ರೈವಿಂಗ್ ಲೈಸೆನ್ಸ್ ಮಾಡಿಸುವಾಗ ಮತದಾರರ ನೋಂದಣಿ ಬೇಕೇ ಎಂದು ಕೇಳಿದರೆ ಯೋಚಿಸದೆ ಹೌದು ಅನ್ನಬೇಡಿ. ಪೌರತ್ವ ಬರುವ ಮೊದಲು ನೋಂದಾಯಿಸಿದರೆ ಗ್ರೀನ್ ಕಾರ್ಡಿಗೇ ಕುತ್ತು ಬರಬಹುದು. ಜ್ಯೂರಿಗೆ ಕರೆ ಬಂದರೆ ಸುಮ್ಮನಿರಬೇಡಿ, ಪೌರನಲ್ಲ ಎಂದು ತುಂಬಿ ವಾಪಸ್ ಕಳಿಸಿ.

ಮತವಿಲ್ಲದಿದ್ದರೂ ದೂರು ಹೇಳಿಕೊಳ್ಳುವ ಹಕ್ಕು ನಿಮಗಿದೆ. 1775ರಲ್ಲಿ ವಸಾಹತುಗಳ ಕೊನೆಯ ಮನವಿಯನ್ನು ದೊರೆ ಜಾರ್ಜ್ ತೆಗೆದುಕೊಳ್ಳಲೇ ಇಲ್ಲ. ಈಗ ಸರ್ಕಾರಕ್ಕೆ ಮನವಿ ಕೊಡುವ ಹಕ್ಕು ಸಂವಿಧಾನದ ಮೊದಲ ತಿದ್ದುಪಡಿಯಲ್ಲೇ ಸೇರಿದೆ. ಸ್ಕೂಲ್ ಬೋರ್ಡ್ ಸಭೆಯಲ್ಲಿ ಸಾರ್ವಜನಿಕರಿಗೆ ಸಮಯ ಕೊಟ್ಟಾಗ ಎದ್ದು ಮಾತಾಡಿ. ನಿಮ್ಮ ವಲಸೆ ಅರ್ಜಿ ಅಲ್ಲಾಡದೆ ಕೂತಿದ್ದರೆ ನಿಮ್ಮ ಕ್ಷೇತ್ರದ ಕಾಂಗ್ರೆಸ್ ಸದಸ್ಯರ ಕಚೇರಿಗೆ ಬರೆಯಿರಿ. ಒಂದು ಒಪ್ಪಿಗೆ ಪತ್ರಕ್ಕೆ ಸಹಿ ಪಡೆದು, ನಿಮ್ಮ ಪರವಾಗಿ ಅವರೇ ಇಲಾಖೆಯನ್ನು ವಿಚಾರಿಸುತ್ತಾರೆ. ಅದಕ್ಕೆ ಶುಲ್ಕವಿಲ್ಲ.