ಒತ್ತಿದರೂ ಹಾರದ ಹುಡುಗ

48 ಗಂಟೆಯ ಗೇಮ್ ಜಾಮ್‌ಗೆ, ಅಂದರೆ ಕೊಟ್ಟ ಸಮಯದೊಳಗೆ ಕಂಪ್ಯೂಟರ್ ಆಟ ತಯಾರಿಸುವ ಕೂಟಕ್ಕೆ, ಒಂದು ಪುಟ್ಟ ಆಟ ಮಾಡಿದ್ದೆ. ಆಷಾಢದ ಗಾಳಿಯಲ್ಲಿ ತಾರಸಿಯಿಂದ ತಾರಸಿಗೆ ಹಾರಿ ಗಾಳಿಪಟ ಹಿಡಿಯುವ ಹುಡುಗ. ನಿದ್ದೆಗೆಟ್ಟು ಮುಗಿಸಿದ್ದು. ಆಡಿದವರದ್ದೆಲ್ಲ ಒಂದೇ ದೂರು: 'ಜಂಪ್ ಕೆಲಸ ಮಾಡ್ತಿಲ್ಲ.' ನನಗೆ ಮಾತ್ರ ಸರಿಯಾಗಿಯೇ ಹಾರುತ್ತಿತ್ತು. ಇವರಿಗೆ ಆಡೋಕೆ ಬರಲ್ಲ ಅಂದುಕೊಂಡೆ, ಸ್ವಲ್ಪ ಸಿಟ್ಟೂ ಬಂತು.

ಕುವೆಂಪುನಗರದ ನಮ್ಮ ಪಕ್ಕದ ಮನೆ ಹುಡುಗನಿಗೆ ಲ್ಯಾಪ್‌ಟಾಪ್ ಕೊಟ್ಟು ಸುಮ್ನೆ ಕೂತೆ. ತಾರಸಿಯ ಅಂಚು ದಾಟಿದ ಮೇಲೆ ಸ್ಪೇಸ್‌ಬಾರ್ ಒತ್ತುತ್ತಿದ್ದ. ಕೂದಲೆಳೆಯಷ್ಟು ತಡ. 'ಅಣ್ಣಾ, ಒತ್ತಿದೆ ಅಲ್ವಾ, ಯಾಕೆ ಬಿದ್ದ?' ಫೋನಲ್ಲಿ ವಿಡಿಯೊ ಮಾಡಿ ನಿಧಾನಕ್ಕೆ ಓಡಿಸಿ ನೋಡಿದೆ. ಕಾಲು ನೆಲ ಬಿಟ್ಟ ಕ್ಷಣವೇ ನನ್ನ ಕೋಡ್ ಜಂಪ್ ಬಂದ್ ಮಾಡುತ್ತಿತ್ತು.

ಇದಕ್ಕೆ ಹಳೇ ಮದ್ದಿದೆ, ಹೆಸರು ಕೊಯೊಟಿ ಟೈಮ್. ನೆಲ ಬಿಟ್ಟ ಮೇಲೂ 0.1 ಸೆಕೆಂಡ್ ಜಂಪ್‌ಗೆ ಅವಕಾಶ ಇಡುವುದು. ಸೆಕೆಂಡಿಗೆ 60 ಫ್ರೇಮ್ (ಪರದೆ ಮೇಲೆ ಒಂದಾದ ಮೇಲೊಂದು ಬರುವ ಚಿತ್ರ) ಲೆಕ್ಕದಲ್ಲಿ ಬರೀ 6 ಫ್ರೇಮ್. ಒಂದು ಟೈಮರ್, ನಾಲ್ಕು ಸಾಲು ಕೋಡ್. ಹಾರಿದ ತಕ್ಷಣ ಟೈಮರ್ ಸೊನ್ನೆ ಮಾಡೋದು ಮರೆತಿದ್ದೆ, ಮೊದಲ ಸಲ ಆಟದ ಹುಡುಗ ಗಾಳಿಯಲ್ಲೇ ಇನ್ನೊಮ್ಮೆ ಹಾರಿದ! ಅದನ್ನೂ ಸರಿ ಮಾಡಿದೆ.

ಸಂಜೆ ಪಕ್ಕದ ಮನೆ ಹುಡುಗ ಮತ್ತೆ ಆಡಿದ. ಏನು ಬದಲಾಗಿದೆ ಅಂತ ಅವನಿಗೆ ಗೊತ್ತೇ ಆಗಲಿಲ್ಲ. 'ನಾನು ಆಡೋದು ಕಲಿತುಬಿಟ್ಟೆ ಅಣ್ಣಾ' ಅಂದ.