ಅವರ ‘ಹೂಂ’ ಒಪ್ಪಿಗೆಯಲ್ಲ

ನಾನು ಕ್ಯಾಲಿಫೋರ್ನಿಯಾದಲ್ಲಿ ಇಮಿಗ್ರೇಷನ್ ವಕೀಲೆ. ಗಡೀಪಾರು ಕೇಸುಗಳೇ ಜಾಸ್ತಿ. ಈ ಕೇಸುಗಳಲ್ಲಿ ಸಾಮಾನ್ಯವಾಗಿ ಸರ್ಕಾರ ವಕೀಲರನ್ನು ಕೊಡುವುದಿಲ್ಲ, ಕೈಯಲ್ಲಿ ದುಡ್ಡಿದ್ದರೆ ನೀವೇ ಇಟ್ಟುಕೊಳ್ಳಬೇಕು. ಜಡ್ಜ್ ಕೂಡ ನ್ಯಾಯ ಇಲಾಖೆಯ ನೌಕರರೇ. ಆದರೆ ದುಭಾಷಿಯನ್ನು ಮಾತ್ರ ಕೋರ್ಟೇ ಒದಗಿಸುತ್ತದೆ.

ಕೆಲವು ವರ್ಷಗಳ ಹಿಂದೆ ಚಾಮರಾಜನಗರ ಕಡೆಯವರೊಬ್ಬರು, ಊರಿಗೆ ವಾಪಸ್ ಹೋದರೆ ಅಪಾಯ ಅಂತ ಅಮೆರಿಕದಲ್ಲಿ ಆಶ್ರಯ (ಅಸೈಲಂ) ಕೇಳಿ, ಸೋತು, ನನ್ನ ಹತ್ತಿರ ಬಂದರು. ಮೇಲ್ಮನವಿಗೆ ಆಗ ಇದ್ದದ್ದು 30 ದಿನ, ಅದರಲ್ಲಿ 11 ಆಗಲೇ ಹೋಗಿತ್ತು. ತೀರ್ಪು ಓದಿದೆ. ‘ಹೇಳಿಕೆ ನಂಬುವಂತಿಲ್ಲ’ ಅಂತ ಇತ್ತು. ಅರ್ಜಿಯಲ್ಲಿ ಒಡಹುಟ್ಟಿದವರು ಯಾರೂ ಇಲ್ಲ ಅಂದವರು, ವಿಚಾರಣೆಯಲ್ಲಿ ‘ನನ್ನ ಬ್ರದರ್‌ಗೆ ಹೊಡೆದರು’ ಅಂದಿದ್ದಾರಂತೆ. 2005ರ ರಿಯಲ್ ಐಡಿ ಕಾಯ್ದೆ ಬಂದ ಮೇಲೆ ಆಶ್ರಯದ ಕೇಸುಗಳಲ್ಲಿ ಇಂಥ ಸಣ್ಣ ವ್ಯತ್ಯಾಸವನ್ನೂ ಜಡ್ಜ್ ಲೆಕ್ಕಕ್ಕೆ ತೆಗೆದುಕೊಳ್ಳಬಹುದು.

‘ಯಾರು ಆ ಬ್ರದರ್?’ ಅಂತ ಕೇಳಿದೆ.

‘ನಮ್ಮಣ್ಣ. ದೊಡ್ಡಪ್ಪನ ಮಗ.’

ನಮಗೆ ಇದನ್ನು ಬಿಡಿಸಿ ಹೇಳಬೇಕಾ? ದೊಡ್ಡಪ್ಪನ ಮಗ ಅಣ್ಣನೇ ಅಲ್ವಾ. ಆದರೆ ಅವರಿಗೆ ಕೊಟ್ಟಿದ್ದು ಹಿಂದಿ ದುಭಾಷಿ. ಮೊದಲ ದಿನ ವಕೀಲರಿಲ್ಲದೆ ಒಬ್ಬರೇ ನಿಂತಿದ್ದಾಗ ಹಿಂದಿ ಬರುತ್ತಾ ಅಂತ ಕೇಳಿದ್ದಾರೆ, ಇವರು ‘ಸ್ವಲ್ಪ’ ಅಂದಿದ್ದಾರೆ, ಫೈಲಿನಲ್ಲಿ ಹಿಂದಿ ಅಂತ ಬಿದ್ದದ್ದು ಕೊನೆಯವರೆಗೂ ಹಾಗೇ ಉಳಿದಿದೆ.

ಮೇಲ್ಮನವಿ ಹಾಕಿ, ವಿಚಾರಣೆಯ ಆಡಿಯೋ ತರಿಸಿಕೊಂಡೆ. ಇದು ಬಹಳ ಮುಖ್ಯ, ಯಾಕೆಂದರೆ ಲಿಖಿತ ಪ್ರತಿಯಲ್ಲಿ ಇಂಗ್ಲಿಷ್ ಮಾತ್ರ ಇರುತ್ತದೆ, ಅವರು ನಿಜವಾಗಿ ಆಡಿದ ಮಾತು ಇರುವುದೇ ಇಲ್ಲ. ಇಬ್ಬರೂ ಒಂದೊಂದು ಇಯರ್‌ಫೋನ್ ಹಾಕಿಕೊಂಡು ಮೂರು ಸಂಜೆ ಕೂತೆವು. ನಿಮಿಷ, ಸೆಕೆಂಡ್ ಸಮೇತ ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ಒಂದು ಕಡೆ ದುಭಾಷಿ ಪ್ರಶ್ನೆಯನ್ನು ಇನ್ನೂ ಅನುವಾದಿಸುತ್ತಿದ್ದಾರೆ, ‘ಸಹಾಯ ಮಾಡಲ್ಲ ಅಂತ ಪೊಲೀಸರು ಯಾವತ್ತೂ ಹೇಳಿಲ್ಲ, ಅಲ್ವಾ’ ಅಂತ, ಇವರು ಮಧ್ಯದಲ್ಲಿ ‘ಹೂಂ’ ಅಂದರು. ಕೇಳಿಸಿಕೊಳ್ಳುತ್ತಿದ್ದೇನೆ ಅನ್ನುವ ಹೂಂ, ಕಥೆ ಕೇಳುವಾಗ ಹೂಂಗುಡುತ್ತೇವಲ್ಲ, ಅದು. ದಾಖಲೆಯಲ್ಲಿ ‘ಯೆಸ್’ ಆಗಿತ್ತು. ಆಡಿಯೋ ನಿಲ್ಲಿಸಿ ಅವರ ಮುಖ ನೋಡಿದೆ. ‘ನಾನು ಉತ್ತರಾನೇ ಕೊಟ್ಟಿಲ್ಲ ಮೇಡಂ’ ಅಂದರು.

1903ರಲ್ಲಿ ಜಪಾನಿನ ಹುಡುಗಿಯೊಬ್ಬಳ ಕೇಸಿನಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್, ಅಹವಾಲು ಹೇಳಿಕೊಳ್ಳಲು ಅವಕಾಶವೇ ಕೊಡದೆ ಗಡೀಪಾರು ಮಾಡುವಂತಿಲ್ಲ ಅಂದಿತು. ಅದೇ ತೀರ್ಪಿನಲ್ಲಿ, ಇಂಗ್ಲಿಷ್ ಬಾರದಿದ್ದದ್ದು ಅವಳ ದುರದೃಷ್ಟ ಅಂತಲೂ ಅಂದು ಅವಳನ್ನು ಸೋಲಿಸಿತು. ಆ ಸಾಲು ಓದಿದಾಗೆಲ್ಲ ನನಗೆ ಸಂಕಟ ಆಗುತ್ತದೆ. ನಾನು ನೆಚ್ಚಿಕೊಂಡದ್ದು 2000ದ ಒಂದು ತೀರ್ಪನ್ನು. ಗ್ವಾಟೆಮಾಲಾದ ಕಿಚೆ ಭಾಷೆಯವರೊಬ್ಬರಿಗೆ ಸ್ಪ್ಯಾನಿಷ್‌ನಲ್ಲಿ ವಿಚಾರಣೆ ನಡೆಸಿದ್ದು ತಪ್ಪು ಅಂತ ಕ್ಯಾಲಿಫೋರ್ನಿಯಾ ಸೇರಿದ ಪಶ್ಚಿಮದ ರಾಜ್ಯಗಳ ಫೆಡರಲ್ ಮೇಲ್ಮನವಿ ಕೋರ್ಟ್, 9ನೇ ಸರ್ಕ್ಯೂಟ್, ಹೇಳಿತ್ತು. ತಪ್ಪಾಗಿ ಅನುವಾದವಾದ ಪದ, ಪ್ರಶ್ನೆಗೆ ತಾಳೆಯಾಗದ ಉತ್ತರ, ‘ಅರ್ಥವಾಗಲಿಲ್ಲ’ ಅಂದ ಜಾಗ, ಈ ಮೂರನ್ನು ಅದು ನೋಡಿತ್ತು. ಮೂರೂ ನನ್ನ ನೋಟ್‌ಬುಕ್ಕಿನಲ್ಲಿದ್ದವು. ಸುಮ್ನೆ ಅನ್ಯಾಯವಾಯಿತು ಅಂದರೆ ಸಾಲದು, ಆ ತಪ್ಪಿನಿಂದ ಫಲಿತಾಂಶ ಬದಲಾಗಿರಬಹುದು ಅಂತಲೂ ತೋರಿಸಬೇಕು. ‘ಅಣ್ಣ’ ಒಂದೇ ಅದಕ್ಕೆ ಸಾಕಾಯಿತು.

ಒಂದು ವರ್ಷದ ಮೇಲೆ ಕೇಸು ವಾಪಸ್ ಬಂತು, ಹೊಸದಾಗಿ ವಿಚಾರಿಸಿ ಅಂತ. ಕನ್ನಡ ದುಭಾಷಿ ಬೇಕೆಂದು ಮೊದಲೇ ಲಿಖಿತದಲ್ಲಿ ಕೊಟ್ಟಿದ್ದೆ. ಫೋನಿನಲ್ಲಿ ಬಂದರು, ಮೈಸೂರು ಕಡೆಯ ಮಾತು. ಯಾರಿಗೆ ಹೊಡೆದರು ಅಂತ ಜಡ್ಜ್ ಕೇಳಿದರು. ಇವರು ‘ನಮ್ಮಣ್ಣಂಗೆ’ ಅಂದರು. ದುಭಾಷಿ ಅನುವಾದಿಸದೆ ಒಂದು ಕ್ಷಣ ತಡೆದು, ‘ಈ ಪದಕ್ಕೆ ಎರಡು ಅರ್ಥ ಇದೆ, ಸ್ಪಷ್ಟ ಮಾಡಿಕೊಳ್ಳಬಹುದಾ’ ಅಂತ ಜಡ್ಜ್ ಅನುಮತಿ ಕೇಳಿದರು.